ಶಿವಲೀಲಾಳ ಹೊಟ್ಟೆನೋವು

ಒಬ್ಬ ಸಿರಿವಂತನ ಮಾತು ಹೇಳುತ್ತೇನೆ, ಕೇಳಿ. ಗುರುಪಾದಪ್ಪ ಅಂತ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮಾಲೀಕ. ಯಂತ್ರ ತುಸು ಕಿರುಗುಟ್ಟಿದರೂ ಸಾಕು, ಊಟ ಬಿಟ್ಟೆದ್ದು ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಕರೆಸುತ್ತಿದ್ದ. ಆದರೆ ಮಗಳು ಶಿವಲೀಲಾ ತಿಂಗಳು ತಿಂಗಳೂ ಹೊಟ್ಟೆ ಹಿಡಿದು ಚೀರುತ್ತಿದ್ದಳಲ್ಲ, ಅದು ಅವನಿಗೆ ಕೇಳಿಸುತ್ತಿರಲಿಲ್ಲವೇ? ಕೇಳಿಸುತ್ತಿತ್ತು! "ಹೆಣ್ಣಾಗಿ ಹುಟ್ಟಿದಮ್ಯಾಲ ಇದೆಲ್ಲಾ ಇರೂದ. ಸುಮ್ನ ಮಲಕೊಳ್ಳವಾ" ಎಂದು ಹೊರಟುಬಿಡುತ್ತಿದ್ದ. ಅವಳ ತಾಯಿ ಕಸ್ತೂರೆವ್ವ ಬಸುರಿದ್ದಾಗ ಗ್ರಹಣದಲ್ಲಿ ಅಂಗಳಕ್ಕೆ ಬಂದದ್ದೇ ಇದಕ್ಕೆಲ್ಲ ಕಾರಣ ಎಂದು ನೆಂಟರು ಆಡಿಕೊಂಡರು. ಅವನೂ ನಂಬಿದ. ನಂಬುವುದು ಸುಲಭ ನೋಡಿ, ವಿಚಾರಿಸುವುದು ಕಷ್ಟ.

ಹುಡುಗಿ ಖೊಖೊ ಆಟಗಾರ್ತಿ. ಒಂದು ದಿನ ಆಟದ ನಡುವೆಯೇ ಕುಸಿದು ಬಿದ್ದಳು. ಆಟದ ಟೀಚರು ಯಾರ ಅಪ್ಪಣೆಗೂ ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಗುರುಪಾದಪ್ಪ ಸಿಟ್ಟಿನಿಂದಲೇ ಹೆಂಡತಿಯೊಡನೆ ಅಲ್ಲಿಗೆ ಓಡಿದ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು:

"ಹುಟ್ಟೂದಕ್ಕಿಂತ ಮೊದ್ಲ ಗರ್ಭಕೋಶದ ಎರಡು ಭಾಗ ಕೂಡಿ ಒಂದಾಗಬೇಕಿತ್ರಿ, ಆಗಿಲ್ಲ. ಒಂದು ಭಾಗ ಚಲೋ ಐತಿ. ಇನ್ನೊಂದು ಸಣ್ಣದು, ಅದಕ್ಕ ಬಾಯಿನ ಇಲ್ಲ. ತಿಂಗಳ ರಕ್ತ ಹೊರಗ ಬರಾಕ ದಾರಿ ಇಲ್ದ ಅಲ್ಲೇ ತುಂಬಿ ಉಬ್ಬೇತಿ."

ಗುರುಪಾದಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ. "ಇಕಿ ಗ್ರಹಣದಾಗ ಹೊರಗ ಬಂದಿದ್ಲು. ಅದಕ್ಕ ಹಿಂಗಾತೇನ್ರಿ?"

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲರಿ. ಇದು ಯಾರ ತಪ್ಪೂ ಅಲ್ಲ."

ಕೇಳಿದಿರಾ? ಯಾರ ತಪ್ಪೂ ಅಲ್ಲ! ಕಸ್ತೂರೆವ್ವ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಅವನ ತಲೆ ತಾನಾಗಿಯೇ ತಗ್ಗಿತು.

ಆ ಸಣ್ಣ ಭಾಗವನ್ನು ರೋಬೋಟ್ ಸಹಾಯದಿಂದ ತೆಗೆಯುತ್ತೇವೆ ಎಂದು ಡಾಕ್ಟರಮ್ಮ ಹೇಳಿದಾಗ ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಮಗಳ ಹೊಟ್ಟಿ ಯಂತ್ರದ ಕೈಯಾಗ ಕೊಡ್ಲೇನ್ರಿ?"

"ಅದು ತಾನಾಗಿ ಏನೂ ಮಾಡೂದಿಲ್ಲರಿ. ನಾ ಕುಂತು ನನ್ನ ಕೈ ಹೆಂಗ ಆಡಸ್ತೀನಿ, ಅದರ ಸಣ್ಣ ಕೈ ಹಂಗ ಆಡ್ತಾವು. ಇಂಥವರಿಗೆ ಒಳಗ ಮೂತ್ರನಾಳದ ದಾರಿನೂ ಬ್ಯಾರೆ ಇರಬಹುದು, ಅದಕ್ಕ ಪೆಟ್ಟಾಗಬಾರದು. ಅದರ ಕ್ಯಾಮೆರಾದಾಗ ಎಲ್ಲಾ ದೊಡ್ಡದಾಗಿ ಕಾಣ್ತೈತಿ."

ಆದರೂ ಅವನು ಗೊಣಗಿದ: "ಊರಾಗ ಗೊತ್ತಾದ್ರ ಇಕಿನ್ನ ಯಾರ ಮದುವಿ ಆಗ್ತಾರ?"

ಮಂಚದ ಮೇಲಿಂದ ಮಗಳು ಕೂಗಿದಳು: "ಅಪ್ಪಾ, ಮದುವಿ ಚಿಂತಿ ಆಮ್ಯಾಲ ಮಾಡ್ರಿ. ಮೊದ್ಲ ನನ್ನ ನೋವು ಕೇಳ್ರಿ!"

ಅಬ್ಬಾ, ಎಂಥ ಮಾತು! ಗುರುಪಾದಪ್ಪ ಆಪರೇಷನ್ನಿಗೆ ಹೂಂ ಎಂದ.

ಆಪರೇಷನ್ ಮುಗಿಸಿ ಡಾಕ್ಟರಮ್ಮ ನಗುತ್ತ ಹೊರಬಂದರು. "ಚಲೋ ಆತ್ರಿ! ಒಳ್ಳೇ ಭಾಗಕ್ಕ ಏನೂ ಆಗಿಲ್ಲ." ಮುಂದಿನ ತಿಂಗಳು ಮುಟ್ಟಾದಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಾದರು. ಶಿವಲೀಲಾ ಅಡುಗೆಮನೆಗೆ ಓಡಿಬಂದು ಕಣ್ಣರಳಿಸಿ ಕೇಳಿದಳು: "ಯವ್ವಾ, ಉಳಿದ ಹುಡುಗ್ಯಾರಿಗೆ ಇಷ್ಟ ಕಡಿಮಿ ನೋವು ಇರ್ತೈತೇನ? ಇಷ್ಟ?"

ತಾಯಿ ಅವಳನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿದಳು! ಗುರುಪಾದಪ್ಪ ಮನೆಗೆ ಬಂದಿದ್ದ ನೆಂಟರೆಲ್ಲರ ಎದುರಿಗೇ ಹೆಂಡತಿಗೆ ಕೈಮುಗಿದ. "ತಪ್ಪಾತು, ಕಸ್ತೂರಿ."

ತಂದೆತಾಯಿಗಳೇ, ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಹುಡುಗಿ ನೋವು ಎಂದಾಗ ಏನಂದಿರಿ? ಇರೂದ ಅಂದಿರಾ? ಆ ಮಾತನ್ನು ಇಂದೇ ಬಿಡಿ. ತಾಯಿಯನ್ನು ದೂರುವುದನ್ನು ಬಿಡಿ, ಮುಚ್ಚಿಡುವುದನ್ನು ಬಿಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು, ಮನೆಗೆ ಹೋದವರೇ ಮಗಳ ಪಕ್ಕದಲ್ಲಿ ಕೂತು, ಎಷ್ಟು ನೋವಾಗುತ್ತದವ್ವಾ ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ಏಳಬೇಡಿ.