ಕಾರಿಗೆ ದಾರಿ ಬಿಡದ ಸೊಸೆ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಇದ್ದ ಅಂದೆ, ಇದ್ದಾನೆ ಅಂದರೂ ತಪ್ಪಿಲ್ಲ. ಸಾಹುಕಾರ ಇಲ್ಲದ ಊರು ಯಾವುದಿದೆ ಹೇಳಿ? ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಮನೆ ಹುಡುಕಿಕೊಂಡು ಹೊರಡುತ್ತೀರಿ. ಅವನಿಗೆ ಹತ್ತಿ ಗಿರಣಿ ಇತ್ತು, ಊರಲ್ಲಿ ಮಾತಿಗೆ ತೂಕ ಇತ್ತು, ಒಬ್ಬ ಮಗ ಇದ್ದ. ಆ ಮಗನಿಗೆ ಓದಿದ ಹೆಣ್ಣು ತಂದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರು. ನಮ್ಮ ಕಡೆ ಕರೆಯುವ ಹಾಗೆ, ಅಕ್ಕೋರು.

ನೋಡಿ, ಈ ಕಥೆ ಸಾಹುಕಾರನದಲ್ಲ. ಆ ಸೊಸೆಯದು.

ಅವಳ ಶಾಲೆ ಇದ್ದದ್ದು ಪಕ್ಕದ ಊರಲ್ಲಿ, ಮೂರು ಮೈಲಿ ದೂರ. ದಾರಿ ಕಾಲುವೆ ಏರಿಯ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಜಾಲಿ ಕಂಟಿ. ನಡುವೆ ಒಂದು ತಿರುವು, ಆ ತಿರುವಿನಲ್ಲಿ ಒಂದು ಸಾರಾಯಿ ಅಂಗಡಿ, ಅಂಗಡಿಯ ಮುಂದೆ ಬೈಕಿನ ಮೇಲೆ ಕಾಲು ಚಾಚಿ ಕೂತ ಪುಂಡರು. ಊರಿನ ಹೆಣ್ಣುಮಕ್ಕಳು ಎಂಟನೇ ಕ್ಲಾಸಿಗೆ ಹೆಸರು ಹಚ್ಚುತ್ತಿದ್ದರು, ಸರ್ಕಾರ ಕೊಡುವ ಸೈಕಲ್ ಇಸಿದುಕೊಳ್ಳುತ್ತಿದ್ದರು, ಆಮೇಲೆ ಶಾಲೆ ಬಿಡುತ್ತಿದ್ದರು. ಆ ಸೈಕಲ್ಲುಗಳು ಮನೆಮನೆಯಲ್ಲಿ ಹುಲ್ಲಿನ ಹೊರೆ ಹೊರುತ್ತಿದ್ದವು. ಹುಡುಗಿಯರಿಗೆ ಬುದ್ಧಿ ಇರಲಿಲ್ಲವೇ? ಇತ್ತು. ಆದರೆ ದಾರಿಯಲ್ಲಿ ಆ ತಿರುವು ಇತ್ತು.

ಸೊಸೆ ಬಂದವಳು ತವರಿನಿಂದ ತಂದ ಸೈಕಲ್ ಹತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಿಫಿನ್ ಡಬ್ಬಿ ಹ್ಯಾಂಡಲ್ಲಿಗೆ ನೇತುಹಾಕಿ ಹೊರಟಳು. ಮೊದಲ ದಿನ ಊರಿಗೆ ಊರೇ ಬಾಗಿಲಲ್ಲಿ ನಿಂತು ನೋಡಿತು. ಎರಡನೆಯ ದಿನ ಒಬ್ಬ ಹುಡುಗಿ ಹುಲ್ಲಿನ ಹೊರೆ ಇಳಿಸಿ ಸೈಕಲ್ ಒರೆಸಿದಳು. ಆ ಹುಡುಗಿಯ ಹೆಸರು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ಮರೆಯಬಾರದ ಹೆಸರು: ಮಾಳವ್ವ. ಕುರಿ ಕಾಯುವವರ ಮಗಳು. ಅವಳು ಅಕ್ಕೋರ ಹಿಂದೆ ಹೊರಟಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಸಾಲು ಬೆಳೆಯಿತು. ತಿರುವಿನ ಪುಂಡರು ಅಕ್ಕೋರ ಮುಖ ನೋಡಿ ಕಾಲು ಮಡಚಿ ಕೂತರು. ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ, ಸ್ವಾಮಿ! ಒಬ್ಬಳು ಮುಂದೆ ಹೋದಳು, ಅಷ್ಟೇ.

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಸಾಹುಕಾರ ಕಾರು ಕೊಂಡ.

ಕಾರು ಕೊಳ್ಳಬಾರದೇ? ಕೊಳ್ಳಲಿ. ಆದರೆ ಒಂದು ಚೋದ್ಯ ಗಮನಿಸಿ. ಕಾರು ಇಲ್ಲದಾಗ ಆ ಮನೆಯಲ್ಲಿ ಸೈಕಲ್ ಬರೀ ಸೈಕಲ್ ಆಗಿತ್ತು. ಕಾರು ಬಂದ ಮರುದಿನ ಅದು ಅವಮಾನ ಆಯಿತು. ಸೈಕಲ್ ಬದಲಾಗಿತ್ತೇ? ಇಲ್ಲ. ಯಾರೋ ಬೀಗರು ನಕ್ಕರಂತೆ. ಬೀಗರು ನಕ್ಕರೆ ನಮಗೆ ಊಟ ಸೇರುವುದಿಲ್ಲ, ಹೌದೋ ಅಲ್ಲವೋ?

ಸಾಹುಕಾರ ಸೊಸೆಯನ್ನು ಕರೆದ. "ನೋಡವಾ, ಇನ್ಮ್ಯಾಲೆ ಕಾರಿನ್ಯಾಗ ಹೋಗು. ನಾ ಗಿರಣಿಗೆ ಹೋಗೂದೂ ಅದ ದಾರಿ. ನನ್ನ ಇಳಿಸಿ ಡ್ರೈವರ್ ನಿನ್ನ ಸಾಲಿಗೆ ಬಿಡತಾನ. ನಮ್ಮ ಮನಿ ಸೊಸಿ ಓಣ್ಯಾಗ ಸೈಕಲ್ ತುಳಿದ್ರ ಮಂದಿ ಏನಂದಾರು?"

ಸೊಸೆ ಒಪ್ಪಿದಳು. ಸುಳ್ಳು ಯಾಕೆ ಹೇಳಲಿ, ಅವಳಿಗೆ ಹಿತವೇ ಆಯಿತು. ಬೇಸಿಗೆಯಲ್ಲಿ ತಂಪು ಗಾಳಿ ಯಾರಿಗೆ ಬೇಡ? ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಸಾಹುಕಾರನೂ ದಿನಾ ಬೆಳಿಗ್ಗೆ ತಾನೇ ಅವಳಿಗೆ ಬಾಗಿಲು ತೆಗೆದು ಕೂರಿಸಿದ. ಅವಳ ಸೈಕಲ್ ಹತ್ತಿ ಗೋದಾಮಿನ ಮೂಲೆ ಸೇರಿತು. ಗೋದಾಮಿನ ಕೀಲಿ ಸಾಹುಕಾರನ ಸೊಂಟ ಸೇರಿತು.

ಕಾರು ಏರಿಯ ಮೇಲೆ ಹೋಗುವಾಗ ಹಾರ್ನ್ ಕೇಳಿ ಹುಡುಗಿಯರು ಸೈಕಲ್ ಇಳಿದು ಕೆಸರಿನಂಚಿಗೆ ಸರಿಯುತ್ತಿದ್ದರು. ಧೂಳು ಎದ್ದರೆ ವೇಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಸೊಸೆ ಗಾಜಿನ ಒಳಗಿಂದ ಕೈ ಬೀಸುತ್ತಿದ್ದಳು. ಕರಿ ಗಾಜು. ಅವಳು ಬೀಸಿದ ಕೈ ಅವಳಿಗೊಬ್ಬಳಿಗೇ ಕಾಣುತ್ತಿತ್ತು.

ಒಂದು ದಿನ ಕ್ಲಾಸಿನಲ್ಲಿ ಮಾಳವ್ವನ ಜಾಗ ಖಾಲಿ. ಮರುದಿನವೂ ಖಾಲಿ. ಆಮೇಲೆ ಅವಳ ಪಕ್ಕದವಳದು, ಹಿಂದಿನವಳದು. ಸೊಸೆ ಉಳಿದ ಹುಡುಗಿಯರನ್ನು ಕೇಳಿದಳು, "ಯಾಕವಾ, ಮಾಳವ್ವಗ ಆರಾಮಿಲ್ಲೇನು?" ಒಬ್ಬಳು ಮಾತ್ರ ಧೈರ್ಯ ಮಾಡಿದಳು.

"ಆರಾಮ ಅದಾಳ್ರಿ ಅಕ್ಕೋರ. ತಿರುವಿನ್ಯಾಗ ಆ ಹುಡುಗರು ಆಕಿ ಸೈಕಲ್ ಹಿಡದು ನಿಲ್ಲಿಸಿದ್ರು, ವೇಲ್ ಜಗ್ಗಿದ್ರು. ಅವರಪ್ಪಗ ಗೊತ್ತಾತು. ಸಾಲಿ ಸಾಕು ಅಂದ. ಈಗ ಗಂಡು ನೋಡಾಕ ಹತ್ಯಾರ. ನೀವು ಕಾರು ಹತ್ತಿದ ಮ್ಯಾಲೆ ನಮಗ ಮುಂದ ಯಾರೂ ಇಲ್ರಿ."

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಆ ದಿನ ಅವಳು ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ನಾನು ತಂಪಾಗಿ ಕೂತ ಬೆಲೆಯನ್ನು ಆ ಹುಡುಗಿ ತೆತ್ತಳಲ್ಲ ಅಂದುಕೊಂಡಳು. ಸಂಜೆ ಮನೆಗೆ ಬಂದವಳೇ ಮಾವನ ಎದುರು ನಿಂತಳು.

"ಮಾವಾರ, ನನ್ನ ಸೈಕಲ್ ಕೊಡ್ರಿ."

"ಯಾಕ? ಕಾರಿನ್ಯಾಗ ಮುಳ್ಳು ಅದಾವೇನು?"

ಅವಳು ಎಲ್ಲ ಹೇಳಿದಳು. ಮಾಳವ್ವ, ತಿರುವು, ಗಂಡು ನೋಡುವುದು, ಎಲ್ಲ. ಸಾಹುಕಾರ ಕೇಳಿದ. ಕೇಳಿ ಅಂದ, "ಊರ ಹೆಣ್ಣುಮಕ್ಕಳ್ನ ಕಾಯೂದು ನಿನ್ನ ಕೆಲಸಲ್ಲ. ಇನ್ನೊಮ್ಮೆ ಸೈಕಲ್ ಮಾತು ಎತ್ತಿದ್ರ ನೌಕರಿನೂ ಬಿಡಸ್ತೀನಿ."

ಗಂಡ ಎಲ್ಲಿದ್ದ ಅಂತ ಕೇಳುತ್ತೀರಾ? ಅಲ್ಲೇ ಇದ್ದ. ಅಪ್ಪನ ಮುಂದೆ ಕೆಮ್ಮುವುದಕ್ಕೂ ಅಪ್ಪಣೆ ಬೇಕು ಅವನಿಗೆ. ಅವನನ್ನು ಅಲ್ಲೇ ಬಿಡೋಣ.

ಅಷ್ಟರಲ್ಲಿ ಮಹಾನವಮಿ ಬಂತು. ಆ ಮನೆಯಲ್ಲಿ ಆಯುಧ ಪೂಜೆಗೆ ಒಂದು ಕಟ್ಟುನಿಟ್ಟು. ಮನೆಯ ಕಬ್ಬಿಣ ಯಾವುದೂ ಪೂಜೆ ತಪ್ಪಬಾರದು. ಕುಡುಗೋಲು, ಕೊಡಲಿ, ಈಳಿಗೆ ಮಣೆ, ಎಲ್ಲ ಅಂಗಳಕ್ಕೆ ಬರಬೇಕು. ಇನ್ನೂ ಒಂದು ಪದ್ಧತಿ: ನವಮಿಗೆ ಪೂಜೆಯಾದ ಗಾಡಿ ಯಾವುದೇ ಇರಲಿ, ದಶಮಿಗೆ ಬನ್ನಿ ಕೊಡಲು ಊರಲ್ಲಿ ಒಂದು ಸುತ್ತು ಹೋಗಿ ಬರಲೇಬೇಕು. ಹೋಗದಿದ್ದರೆ ಅಪಶಕುನ. ಈ ಪದ್ಧತಿಯ ಕಾವಲಿಗೆ ನಿಂತವಳು ಸಾಹುಕಾರನ ಹೆಂಡತಿ, ಅಂದರೆ ಸೊಸೆಯ ಅತ್ತೆ. ವರ್ಷವೆಲ್ಲ ಬಾಯಿ ಬಿಡದ ಹೆಂಗಸು. ನವಮಿಯ ದಿನ ಮಾತ್ರ ಅವಳದೇ ದರ್ಬಾರು.

ಕಾರಿಗೆ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಟ್ರ್ಯಾಕ್ಟರಿಗೆ ಬಾಳೆ ಕಂದು. ಸಾಹುಕಾರ ಕರ್ಪೂರ ಹಚ್ಚಬೇಕು, ಅಷ್ಟರಲ್ಲಿ ಅತ್ತೆ ಆರತಿ ತಟ್ಟೆ ಕೆಳಗಿಟ್ಟಳು.

"ಸೊಸಿ ಸೈಕಲ್ ಎಲ್ಲೈತಿ?"

"ಅದ್ಯಾಕ ಈಗ?" ಅಂದ ಸಾಹುಕಾರ.

"ಕಬ್ಬಿಣ ಐತೋ ಇಲ್ಲೋ? ಕಾರಿನ ಕಬ್ಬಿಣ ಬ್ಯಾರೆ, ಸೈಕಲ್ ಕಬ್ಬಿಣ ಬ್ಯಾರೆ ಅಂತ ನಿಮಗ ಯಾರು ಹೇಳಿಕೊಟ್ರು? ಕೀಲಿ ಕೊಡ್ರಿ."

ಆಳುಕಾಳು ಎಲ್ಲ ನೋಡುತ್ತಿದ್ದಾರೆ. ಗಿರಣಿಯ ಪೂಜೆ ಬಾಕಿ ಇದೆ. ಅಪಶಕುನಕ್ಕೆ ಹೆದರದ ಸಾಹುಕಾರ ಇದ್ದಾನೆಯೇ? ಕೀಲಿ ಸೊಂಟದಿಂದ ಇಳಿಯಿತು. ಹತ್ತಿಯ ಎಳೆ ಮೆತ್ತಿಕೊಂಡ ಸೈಕಲ್ ಅಂಗಳಕ್ಕೆ ಬಂತು. ಅತ್ತೆ ತನ್ನ ಸೆರಗಿನಿಂದಲೇ ಒರೆಸಿ, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿದಳು. ಸೊಸೆ ಕಣ್ಣೊರೆಸಿಕೊಂಡದ್ದನ್ನು ಅತ್ತೆ ನೋಡಿಯೂ ನೋಡದಂತೆ ಇದ್ದಳು.

ಮರುದಿನ ದಶಮಿ. ಪೂಜೆಯಾದ ಗಾಡಿ ಬನ್ನಿಗೆ ಹೋಗಲೇಬೇಕಲ್ಲ? ಸೊಸೆ ಮಡಿಲು ತುಂಬ ಬನ್ನಿ ಎಲೆ ಕಟ್ಟಿಕೊಂಡು ಸೈಕಲ್ ಹತ್ತಿದಳು. ದೊಡ್ಡವರ ಮನೆಗೆ ಹೋಗಲಿಲ್ಲ. ನೇರ ಮಾಳವ್ವನ ಗುಡಿಸಲಿಗೆ ಹೋದಳು. ಅವಳ ಅಪ್ಪ ಗಾಬರಿಯಾಗಿ ಎದ್ದು ನಿಂತ. ಸಾಹುಕಾರರ ಮನೆಯವರು ಅವನ ಬಾಗಿಲಿಗೆ ಬನ್ನಿ ತಂದದ್ದು ಅದೇ ಮೊದಲು.

"ತಗೋರಿ, ಬಂಗಾರದಂಗ ಇರೂಣು," ಅಂದು ಅವಳು ಎಲೆ ಕೊಟ್ಟಳು. "ನಾನೂ ಒಂದು ಕೇಳತೀನಿ. ಮಗಳ್ನ ಸಾಲಿಗೆ ಕಳಸ್ರಿ. ನಾ ಕಾರು ಬಿಟ್ಟೀನಿ. ಇನ್ನ ಆಕಿ ಮುಂದ ನಾ ಇರತೀನಿ."

"ದೊಡ್ಡೋರ ಮಾತು, ಅಕ್ಕೋರ. ನಾಳೆ ಮತ್ತ ಕಾರು ಹತ್ತಿದ್ರ?"

"ಹತ್ತಿದ್ರ ನನ್ನ ಅಕ್ಕೋರ ಅನಬ್ಯಾಡ್ರಿ."

ಆ ದಿನ ಅವಳು ಶಾಲೆ ಬಿಟ್ಟ ಹುಡುಗಿಯರ ಮನೆಯೆಲ್ಲ ತಿರುಗಿದಳು. ಬನ್ನಿ ಕೊಟ್ಟವರಿಗೆ ಇಲ್ಲ ಅನ್ನುವುದು ಹೇಗೆ? ಕೆಲವರು ಹೂಂ ಅಂದರು, ಕೆಲವರು ನೋಡೋಣ ಅಂದರು.

ದಸರಾ ರಜೆ ಮುಗಿಯಿತು. ಗೋದಾಮಿನ ಕೀಲಿ ಅತ್ತೆಯ ಕೈಯಲ್ಲೇ ಉಳಿದಿತ್ತು. ಶಾಲೆ ತೆರೆಯುವ ದಿನ ಸಾಹುಕಾರ ಹೊಸ್ತಿಲಲ್ಲಿ ನಿಂತು ಹೇಳಿದ, "ಕಾರು ಹತ್ತಿದ್ರ ನಮ್ಮ ಸೊಸಿ. ಸೈಕಲ್ ಹತ್ತಿದ್ರ ಸಂಜೀಕ ಈ ಮನಿಗೆ ಬರಬ್ಯಾಡ."

ಸೊಸೆ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮಾಡಿ, ಸೈಕಲ್ ಹತ್ತಿದಳು.

ಊರ ಹೊರಗೆ ಏರಿಯ ಮೇಲೆ ಯಾರೂ ಇರಲಿಲ್ಲ. ಅವಳು ಸೈಕಲ್ ನಿಲ್ಲಿಸಿ ಹಿಂದೆ ಮುಂದೆ ನೋಡಿದಳು. ಆಮೇಲೆ ಜಾಲಿ ಕಂಟಿಯ ಮರೆಯಿಂದ ಮಾಳವ್ವ ಬಂದಳು. ಹಿಂದಿನಿಂದ ಒಬ್ಬಳು, ಮತ್ತಿಬ್ಬರು. ಸಾಲು ಆಯಿತು. ತಿರುವು ಇನ್ನೂ ದೂರ ಇರುವಾಗಲೇ ಹಿಂದಿನಿಂದ ಹಾರ್ನ್ ಕೇಳಿಸಿತು. ಸಾಹುಕಾರನ ಕಾರು. ಗಿರಣಿಗೆ ಹೊರಟಿತ್ತು. ಹುಡುಗಿಯರು ರೂಢಿಯಂತೆ ಇಳಿಯಲು ಹೋದರು.

"ಯಾರೂ ಇಳೀಬ್ಯಾಡ್ರಿ," ಅಂದಳು ಸೊಸೆ. ತಿರುಗಿಯೂ ನೋಡಲಿಲ್ಲ. "ದಾರಿ ನಮ್ದೂ ಐತಿ. ಗಂಟಿ ಬಾರಸ್ರಿ!"

ಕಾರು ಹಾರ್ನ್ ಹೊಡೆಯಿತು. ಹುಡುಗಿಯರು ಗಂಟೆ ಬಾರಿಸಿದರು. ಮತ್ತೆ ಹಾರ್ನ್. ಮತ್ತೆ ಅಷ್ಟೂ ಗಂಟೆ. ಏರಿಯ ಮೇಲೆ ಪಕ್ಕಕ್ಕೆ ಹೋಗಲು ಜಾಗವಿಲ್ಲ. ಒಂದು ಕಡೆ ನೀರು, ಒಂದು ಕಡೆ ಮುಳ್ಳು. ಊರನ್ನು ನಡುಗಿಸುವ ಸಾಹುಕಾರ ಹುಡುಗಿಯರ ಸೈಕಲ್ಲಿನ ಹಿಂದೆ ತೆವಳಿಕೊಂಡು ಹೊರಟ. ಆ ಮೆರವಣಿಗೆ ತಿರುವಿಗೆ ಬಂತು. ಸಾರಾಯಿ ಅಂಗಡಿಯ ಪುಂಡರು ಏನು ಕಂಡರು ಗೊತ್ತೇ? ಮುಂದೆ ಅಕ್ಕೋರು, ನಡುವೆ ಹುಡುಗಿಯರು, ಹಿಂದೆ ಕಾವಲಿಗೆ ಸ್ವತಃ ಸಾಹುಕಾರ! ಬೈಕಿನಿಂದ ಇಳಿದು ಎದ್ದು ನಿಂತರು. ಕೈ ಮುಗಿದರು! ಆ ಹುಡುಗಿಯರನ್ನು ಮತ್ತೆಂದೂ ಯಾರೂ ಮುಟ್ಟಲಿಲ್ಲ.

ಸಾಹುಕಾರನ ಮನಸ್ಸು ಬದಲಾಯಿತೇ? ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ. ಸಂಜೆ ಸೊಸೆ ಸೈಕಲ್ ತಳ್ಳಿಕೊಂಡು ಓಣಿಗೆ ಬಂದಾಗ ತಲಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಮೇಲೆ ಅತ್ತೆ ಕೂತಿದ್ದಳು.

"ಬಾ ಒಳಗ. ಬಾಗಿಲಾ ನಾ ತೆಗದೀನಿ. ಯಾರು ಮುಚ್ಚತಾರೋ ನೋಡತೀನಿ."

ಈಗ ನಿಮ್ಮ ಕಡೆ ಬರೋಣ. ಮುಂದೆ ಕುರ್ಚಿಯಲ್ಲಿ ಕೂತವರು ವಾಚು ನೋಡಬೇಡಿ, ನಿಮಗೇ ಹೇಳುತ್ತಿದ್ದೇನೆ. ಈ ಮಠದ ಬಾಗಿಲಿಗೆ ಹೋಗಿ ನೋಡಿ, ನನ್ನ ಪ್ರವಚನಕ್ಕೆ ನೀವು ತಂದ ಕಾರು ನಿಂತು ನಿಂತು ರಸ್ತೆ ಕಟ್ಟಿದೆ. ಎರಡು ಓಣಿ ದಾಟಲು ಕಾರು ಬೇಕೇ ನಿಮಗೆ? ವಯಸ್ಸಾದವರು, ಬಾಣಂತಿಯರು, ಆರಾಮಿಲ್ಲದವರು ಧಾರಾಳವಾಗಿ ಕಾರಿನಲ್ಲಿ ಬನ್ನಿ. ಮಂಡಿ ಗಟ್ಟಿ ಇರುವವರಿಗೆ ಏನು ರೋಗ? ಕಾಲಿಗೆ ರೋಗವಿಲ್ಲ. ರೋಗ ಇರುವುದು ಬೀಗರ ನಗೆಯಲ್ಲಿ.

ಅಂಗಡಿಗೆ, ಆಫೀಸಿಗೆ, ಶಾಲೆಗೆ ಸೈಕಲ್ಲಿನ ಮೇಲೆ ಹೋಗಿ. ನೀವು ದೊಡ್ಡವರು ಹೋದರೆ ನಿಮ್ಮ ಹಿಂದೆ ಬರಲು ಚಿಕ್ಕವರಿಗೆ ಧೈರ್ಯ ಬರುತ್ತದೆ. ಗಾಜಿನ ಒಳಗಿಂದ ಕೈ ಬೀಸಿದರೆ ಯಾರಿಗೂ ಏನೂ ಆಗುವುದಿಲ್ಲ. ಸೊಸೆ ಸೈಕಲ್ ಹತ್ತಿದರೆ ಕೀಲಿ ಹುಡುಕಬೇಡಿ. ಮಗ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದರೆ ಹೆಣ್ಣು ಸಿಗುವುದಿಲ್ಲ ಅಂತ ಅಳಬೇಡಿ. ಕಾರು ನೋಡಿ ಹೆಣ್ಣು ಕೊಡುವವರ ಮನೆಯ ಹೆಣ್ಣು ನಿಮಗೆ ಬೇಡ.

ಇನ್ನೊಂದು ಮಾತು. ಈ ಮಠದ ಭಕ್ತರು ಕೆಲವರು ಈ ಸಲ ನನಗೊಂದು ಕಾರು ಕಾಣಿಕೆ ಕೊಡುತ್ತೇವೆ ಅಂದಿದ್ದಾರೆ. ಸ್ವಾಮಿಗಳು ನಡೆದು ಬಂದರೆ ಮಠಕ್ಕೆ ಅವಮಾನವಂತೆ. ಎಲ್ಲರ ಎದುರು ಹೇಳುತ್ತೇನೆ, ಕೇಳಿಸಿಕೊಳ್ಳಿ: ಬೇಡ. ಬಾಗಿಲಿಗೆ ತಂದು ನಿಲ್ಲಿಸಿದರೂ ಹತ್ತುವುದಿಲ್ಲ. ಕೊಡಲೇಬೇಕು ಅನ್ನಿಸಿದರೆ ಒಂದು ಸೈಕಲ್ ಕೊಡಿ. ನಾಳೆ ಬೆಳಿಗ್ಗೆ ಊರ ಮುಂದಿನ ರಸ್ತೆಯಲ್ಲಿ, ಶಾಲೆಗೆ ಹೊರಟ ಹೆಣ್ಣುಮಕ್ಕಳ ಮುಂದೆ ಈ ಕಾವಿಯೂ ಸೈಕಲ್ ತುಳಿಯುತ್ತಿರುತ್ತದೆ. ಹಿಂದೆ ನಿಮ್ಮ ಕಾರು ಬಂದರೆ ಹಾರ್ನ್ ಹೊಡೆಯಬೇಡಿ. ನಾವು ಇಳಿಯುವುದಿಲ್ಲ.