ಸುರಭಿ ಯಾಕೆ ಬೇಡ

ಅಂದ್ರೆ? ಸುರಭಿ ಬೇಡ ಅಂದ್ರೆ ಏನೇ ಅರ್ಥ, ಸಮ್ಮು? ಬೇಡ ಅಂತ ತಟ್ಟೆ ತಳ್ಳೋಕೆ ಅವಳೇನು ಉಪ್ಪಿಟ್ಟಾ? ನಗಬೇಡ. ನಾನು ತಮಾಷೆ ಮಾಡ್ತಿಲ್ಲ. ಮನೇಲಿ ಬಾಯಿ ಬಿಡದೆ, ಸ್ಕೂಲಿಗೆ ಅಂತ ಆಟೋ ಹತ್ತಿ, ಈ ಬನಶಂಕರಿ ಸಿಗ್ನಲ್ಲಲ್ಲಿ ಸಿಕ್ಕಿಹಾಕ್ಕೊಂಡ ಮೇಲೆ ಹೇಳ್ತೀಯಲ್ಲ, ಇದು ನ್ಯಾಯನಾ? ಕೋಪ ಬಂದ್ರೆ ನಂಗೆ ಎದ್ದು ಓಡಾಡ್ಬೇಕು, ನಿಂಗೊತ್ತು. ಇಲ್ಲಿ ಎಲ್ಲಿ ಓಡಾಡ್ಲಿ?

ಕೈಲಾಸ್, ಎಡಗಡೆ ಸ್ವಲ್ಪ ಜಾಗ ಇದೆ ನೋಡಿ, ನುಗ್ಗಿಸಿ... ಆಗಲ್ವಾ? ಸರಿ, ಊರೇ ನಿಂತಿದೆ, ನಾವೂ ನಿಲ್ಲೋಣ.

ನೋಡು ಪುಟ್ಟಿ. ನಿಮ್ಮ ಎಚ್ಚೆಮ್ಮು ಕಲ್ಯಾಣಿ ಮೇಡಂ ಬೆಳಗ್ಗೆ ಫೋನ್ ಮಾಡಿದ್ರು. ಎಸ್ಸೆಸ್ಸೆಲ್ಸಿಗೆ ನಿನ್ನ ಸ್ಕ್ರೈಬ್ ಯಾರು, ನೀನು ಹೇಳಿದ್ದನ್ನ ಪಕ್ಕದಲ್ಲಿ ಕೂತು ಬರೆಯೋರು ಯಾರು ಅಂತ ಇವತ್ತು ಸಂಜೆಯೊಳಗೆ ಹೆಸರು ಕಳಿಸ್ಬೇಕಂತೆ. ನಾನು ಸೈನ್ ಮಾಡ್ಬೇಕು, ನೀನು ಅವರೆದುರಿಗೆ ಹೂಂ ಅನ್ಬೇಕು. ಹೆಸರು ಹೋಗ್ಲಿಲ್ವೋ, ಈ ವರ್ಷ ಪರೀಕ್ಷೆ ಇಲ್ಲ. ಪೆನ್ನು ಹಿಡಿದ್ರೆ ನಿನ್ನ ಕೈ ಒಂದು ಕಡೆ ಹೋಗುತ್ತೆ, ಪೆನ್ನು ಒಂದು ಕಡೆ ಹೋಗುತ್ತೆ. ನಿನ್ನ ಜೊತೆಯೋರೆಲ್ಲ ಕಾಲೇಜಿಗೆ ಹೋಗ್ತಾರೆ, ನೀನು ಮನೇಲಿ ನನ್ನ ಜೊತೆ. ಬೆಳಗ್ಗಿಂದ ಸಂಜೆತನಕ ನನ್ನ ಜೊತೆ, ಯೋಚನೆ ಮಾಡು... ಹ್ಞಾ, ಈಗ ಮುಖ ಬಿಳಚ್ಕೊಳ್ತು ನೋಡು.

ಸರಿ, ಕಾರಣ ಹೇಳು. ಸುರಭಿ ಏನು ಮಾಡಿದ್ಲು? ಅವಳು... ಬೈದ್ಲಾ? ಇಲ್ಲ. ಲೇಟಾಗಿ ಬರ್ತಾಳೆ, ಅದೇ ತಾನೇ? ಅಲ್ವಾ? ಬಬಲ್ ಗಮ್ ಜಗೀತಾಳೆ, ನಂಗೊತ್ತಿತ್ತು. ಅದೂ ಅಲ್ವಾ? ಮತ್ತೇನೇ... ನಾನೆಲ್ಲಿ ಮಧ್ಯೆ ಬಾಯಿ ಹಾಕ್ದೆ? ನಿಂಗೆ ಸುಸ್ತಾಗ್ಬಾರ್ದು ಅಂತ ಸಹಾಯ ಮಾಡ್ತಿದೀನಿ. ಡಾಕ್ಟರೇ ಹೇಳಿಲ್ವಾ, ಸೆರೆಬ್ರಲ್ ಪಾಲ್ಸಿ, ತಲೆ ಚುರುಕು, ಕೈ ಬಾಯಿ ಮಾತ್ರ ನಿಧಾನ ಅಂತ? ಆ ಚುರುಕು ತಲೇಲಿ ಏನಿದೆ ಅಂತ ನಂಗೆ ಮೊದಲೇ ಗೊತ್ತಾಗ್ಬಿಡುತ್ತೆ. ಹೆತ್ತೋಳಲ್ವಾ ನಾನು.

ದೋಸೆನಾ? ಈಗ ದೋಸೆ ವಿಷಯ ಯಾಕೆ ಬಂತು? ... ಏನು, ನಿಂಗೆ ಮಸಾಲೆ ದೋಸೆ ಇಷ್ಟನೇ ಇಲ್ವಾ? ಯಾವತ್ತಿಂದ? ... ಮೊದಲಿಂದ್ಲೂ? ಅಯ್ಯೋ ದೇವ್ರೇ. ಹೋಟ್ಲಲ್ಲಿ ಸರ್ವರ್ ಬಂದು ನಿಲ್ತಾನೆ, ನೀನು 'ನಂಗೆ' ಅಂತ ಶುರು ಮಾಡ್ತೀಯ, ಆತ ಪಾಪ ಎಷ್ಟೊತ್ತು ನಿಂತಾನು ಅಂತ ನಾನೇ ಒಂದು ಮಸಾಲೆ ಹೇಳ್ತೀನಿ. ಇಷ್ಟು ವರ್ಷ ತಿಂದ್ಯಲ್ಲೇ. ಬೇಡ ಅಂತ ಒಂದ್ಸಲನಾದ್ರೂ ಹೇಳ್ಬಾರ್ದಾ? ... ಹೇಳ್ತಾನೇ ಇದ್ದೆ, ಅಷ್ಟರಲ್ಲಿ ದೋಸೆ ಬಂದ್ಬಿಡ್ತಿತ್ತು ಅಂತೀಯಾ.

ಕೈಲಾಸ್, ನೀವ್ಯಾಕೆ ನಗ್ತೀರಿ? ರೋಡ್ ನೋಡಿ. ... ರೋಡ್ ಎಲ್ಲೂ ಹೋಗ್ತಿಲ್ವಂತೆ. ಎಲ್ಲರೂ ಮಾತು ಕಲ್ತಿದಾರೆ ಇವತ್ತು.

ಸುರಭಿ ವಿಷಯಕ್ಕೆ ಬಾ. ಒಂಬತ್ತನೇ ಕ್ಲಾಸಿಗೇ ಫಸ್ಟು ಅವಳು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಪ್ರಿಪರೇಟರಿ ಪರೀಕ್ಷೇಲಿ ಅವಳೇ ತಾನೇ ಬರೆದಿದ್ದು? ಎಷ್ಟು ಒಳ್ಳೆ ಮಾರ್ಕ್ಸ್ ಬಂತು. ಬದರಿನಾಥ ಸರ್ ನಿನ್ನ ಪ್ರಬಂಧನ ಕ್ಲಾಸಲ್ಲಿ ಗಟ್ಟಿಯಾಗಿ ಓದಿದ್ರಂತೆ, ಕಲ್ಯಾಣಿ ಮೇಡಮ್ಮೇ ಹೇಳಿದ್ರು. ಅದೇ, ನಗರದ ಸಂಚಾರ ಸಮಸ್ಯೆ... ಯಾಕೆ, ಮುಖ ಯಾಕೆ ಹಾಗಾಯ್ತು? ... ಎಲ್ಲರೂ ನಕ್ರಾ? ನಗೋಂಥದ್ದು ಏನಿತ್ತು ಅದರಲ್ಲಿ? ... ಏನು? ಇನ್ನೊಂದ್ಸಲ ಹೇಳು. ... 'ಈ ಟ್ರಾಫಿಕ್ಕಿನ ದೆಸೆಯಿಂದ ನಮ್ಮ ಯಜಮಾನರಿಗೆ ಬಿಪಿ ಜಾಸ್ತಿಯಾಗಿದೆ.'

ಹಾಗಂತ ಇತ್ತಾ? ನಿನ್ನ ಪ್ರಬಂಧದಲ್ಲಿ? ... ಹಿಂದಿನ ಬೆಂಚಿಂದ ನಿಮ್ಮ ಯಜಮಾನರು ಈಗ ಹೇಗಿದಾರೆ ಅಂತ ಕೇಳಿದ್ರಾ? ಯಾರು, ಆ ಮುತ್ತುರಾಜನಾ? ಸ್ಟಡಿ ಹಾಲಿಡೇಸ್ ಕೊಟ್ಟ ಮೇಲೂ ವಾಟ್ಸಾಪಲ್ಲಿ ದಿನಾ ಕೇಳ್ತಾನಾ? ಮಾತ್ರೆ ತಗೊಂಡ್ರಾ ಅಂತಾನೂ? ... ಇಲ್ಲ ಕಣೇ, ನಾನ್ಯಾಕೆ ನಗ್ಲಿ. ಕೆಮ್ಮು. ಆ ಬಸ್ಸಿನ ಹೊಗೆ ನೋಡು ಹೆಂಗಿದೆ.

ಆಯ್ತು, ಆ ಹುಡುಗಿ ತಪ್ಪು ಮಾಡಿದಾಳೆ, ಒಪ್ತೀನಿ. ಅವರಮ್ಮ ಮನೇಲಿ ನಮ್ಮ ಯಜಮಾನರು ನಮ್ಮ ಯಜಮಾನರು ಅಂತಿರ್ತಾರೆ, ಅದೇ ಕಿವೀಲಿ ಕೂತು ಬರೆದ್ಬಿಟ್ಟಿದಾಳೆ ಪಾಪ. ... ಅವರಮ್ಮ ಗಂಡನ್ನ ಹನಮಂತ ಅಂತ ಹೆಸರು ಹಿಡಿದು ಕರೀತಾರಾ? ಹೌದಲ್ವಾ. ಬೀದಿ ಕೊನೇತನಕ ಕೇಳ್ಸುತ್ತೆ. ... ಹಾಗಾದ್ರೆ ಇನ್ಯಾರೋ. ಬಿಪಿ ಬೆಂಗಳೂರಲ್ಲಿ ಯಾರಿಗಿಲ್ಲ? ನಿಮ್ಮಪ್ಪ ಒಬ್ರಿಗೇನಾ?

ಇನ್ನೇನಿತ್ತು? ... ಸೌತ್ ಎಂಡ್ ಸರ್ಕಲ್ಲಿಂದ ಮನೆಗೆ ಬರೋಷ್ಟರಲ್ಲಿ ಹಾಲು ಒಡೆದು ಹೋಗುತ್ತೆ ಅಂತನಾ? ಅದು ಸುಳ್ಳಲ್ಲ ತಾನೇ? ಹೋದ ವಾರ ಒಡೀಲಿಲ್ವಾ, ನಾನೇ ಅದರಲ್ಲಿ... ಇರ್ಲಿ. ಅದು ಬಿಡು.

ಸುರಭಿ ಬೇಡ ಅಂದ್ರೆ ಬೇರೆ ಯಾರನ್ನ ತರ್ಲಿ ನಾನು ಸಂಜೆಯೊಳಗೆ? ... ಯಾರು? ಮೈತ್ರಿನಾ? ನಿಮ್ಮ ವ್ಯಾನಲ್ಲಿ ಬರುತ್ತಲ್ಲ, ಎರಡು ಜಡೆ, ಆ ಪುಟಾಣೀನಾ? ಎಂಟನೇ ಕ್ಲಾಸು ಕಣೇ ಅದು. ನಿನಗಿಂತ ಕೆಳಗಿನ ಕ್ಲಾಸಿನವರೇ ಬರೀಬೇಕು ಅಂತ ರೂಲ್ಸು, ಸರಿ. ಅದಕ್ಕೆ ಇಷ್ಟು ಕೆಳಗಾ? ತ್ರಿಕೋನಮಿತಿ ಅಂದ್ರೆ ಏನೋ ಸಂಕ್ರಾಂತಿ ತಿಂಡಿ ಅನ್ಕೊಂಡಿರುತ್ತೆ ಅದು. ಏನೂ ಗೊತ್ತಿಲ್ಲ ಅದಕ್ಕೆ. ... ಅದಕ್ಕೇ ಬೇಕಾ? ಏನೂ ಗೊತ್ತಿಲ್ಲದೆ ಇರೋಳೇ ಬೇಕಾ? ಕೇಳಿದ್ರಾ ಕೈಲಾಸ್? ಊರಲ್ಲಿ ಎಲ್ಲ ತಾಯಂದಿರು ಗೊತ್ತಿರೋರನ್ನ ಹುಡುಕ್ಕೊಂಡು ಅಲೀತಾರೆ, ನನ್ನ ಮಗಳಿಗೆ ಗೊತ್ತಿಲ್ಲದೆ ಇರೋರು ಬೇಕಂತೆ.

... ಹ್ಞಂ. ... ಹ್ಞಂ. ವ್ಯಾನಲ್ಲಿ? ... ನೀನೊಂದು ಜೋಕು ಸಾರಕ್ಕಿ ಮಾರ್ಕೆಟ್ ಹತ್ರ ಶುರು ಮಾಡಿದ್ರೆ ಸ್ಕೂಲ್ ಗೇಟಲ್ಲಿ ಮುಗಿಯುತ್ತೆ, ಅಲ್ಲೀತನಕ ನಿನ್ನ ಮುಖಾನೇ ನೋಡ್ತಾ ಕೂತಿರ್ತಾಳಾ? ಮಧ್ಯೆ ಏನೂ ಅನ್ನಲ್ವಾ? ... ಮುಗಿದ ಮೇಲೆ ನಗ್ತಾಳೆ. ... ಜೋಕು ಚೆನ್ನಾಗಿಲ್ಲ ಅಂದ್ರೆ ನಗಲ್ಲ. ಸರಿಯಮ್ಮ, ಒಳ್ಳೆ ಹುಡುಗಿ. ಪರೀಕ್ಷೆ ಹಾಲಲ್ಲಿ ಜೋಕ್ ಹೇಳೋಕಿಲ್ವಲ್ಲ.

ಏನು? ಸುರಭಿ ನೀನು ಅರ್ಧ ಹೇಳೋಷ್ಟರಲ್ಲಿ ಉಳಿದಿದ್ದು ಬರೆದು ಮುಗಿಸ್ತಾಳಾ? ... ಅದು... ಚುರುಕು ಹುಡುಗಿ, ತಡ್ಕೊಳ್ಳೋಕಾಗಲ್ಲ. ಅವಳಾಗೇ ಬರೀತಾಳೆ. ಮತ್ತಿನ್ಯಾರು ಹೇಳ್ಕೊಡ್ತಾರೆ ಅವಳಿಗೆ? ಯಾರಾದ್ರೂ ಹೇಳ್ಕೊಟ್ರು ಅಂತ ಅವಳೇನಾದ್ರೂ ಅಂದ್ಲಾ? ... ಇಲ್ಲ ತಾನೇ? ನಂಗೊತ್ತಿತ್ತು, ಬಾಯಿ ಬಿಡೋ ಹುಡುಗಿ ಅಲ್ಲ ಅದು. ಅಂದ್ರೆ... ಬಾಯಿ ಬಿಡೋಕೆ ಏನಿದೆ ಅಂತ.

ಯಾಕೆ ಹಾಗೆ ನೋಡ್ತೀಯ?

ಮಾತಾಡು ಸಮ್ಮು. ... ನಾನೇನೂ ಅಡ್ಡ ಬರ್ತಿಲ್ಲ ಈಗ. ... ಏನಾದ್ರೂ ಅನ್ನು. ... ಕೈಲಾಸ್, ರೇಡಿಯೋ ಹಾಕಿ ಸ್ವಲ್ಪ. ಕೆಟ್ಟು ಹೋಗಿದ್ಯಾ? ಇವತ್ತೇ ಕೆಡ್ಬೇಕಾ ಅದು. ...

ಹೂಂ. ನಾನೇ.

ಭಾನುವಾರ ನೀನು ಅಪ್ಪನ ಜೊತೆ ಫಿಸಿಯೋಥೆರಪಿಗೆ ಹೋದಾಗ ಸುರಭೀನ ಮನೆಗೆ ಕರೀತಿದ್ದೆ. ಕೋಡುಬಳೆ ಕೊಟ್ಟು ಕೂರಿಸ್ಕೊಂಡು, ಇಂಥ ಪ್ರಶ್ನೆ ಬಂದ್ರೆ ಹಿಂಗೆ ಬರಿ, ಸಮ್ಮು ಹೇಳಿ ಮುಗಿಸ್ಲಿ ಅಂತ ಕಾಯ್ಬೇಡ ಅಂತ ಹೇಳ್ಕೊಡ್ತಿದ್ದೆ. ಟ್ರಾಫಿಕ್ ಬಗ್ಗೆನೂ ನಾನೇ ಹೇಳಿದ್ದು. ನಾನು ಹೇಳಿದ್ದನ್ನ ಅದು ಯಜಮಾನರು, ಹಾಲು ಸಮೇತ ಬಾಯಿಪಾಠ ಮಾಡ್ಕೊಳ್ಳುತ್ತೆ ಅಂತ ನಂಗೇನು ಕನಸಾ? ... ಮೋಸ ಅಂತೀಯಾ. ಮೋಸನೇ. ಸಿಕ್ಕಿಬಿದ್ದಿದ್ರೆ ನಿನ್ನ ಪರೀಕ್ಷೇನೇ ಹೋಗ್ತಿತ್ತು, ಅದೂ ಗೊತ್ತು. ನಂಗೆ ಭಯ ಕಣೇ. ಎಕ್ಸ್‌ಟ್ರಾ ಟೈಮ್ ಕೊಡ್ತಾರೆ ನಿಜ, ಅದೂ ಮುಗಿದು ಹೋಗುತ್ತೆ, ನೀನು ಒಂದು ವಾಕ್ಯದ ಮಧ್ಯೆ ನಿಂತಿರ್ತೀಯ, ಅವರು ಬಂದು ಪೇಪರ್ ಕಿತ್ಕೊಂಡು ಹೋಗ್ತಾರೆ. ಅದು ಕಣ್ಣಿಗೆ ಕಟ್ಟಿದ್ರೆ ನಂಗೆ ಅನ್ನ ಇಳಿಯಲ್ಲ. ನಿಂಗೆ ಬರಲ್ಲ ಅಂತ ಅಲ್ಲ. ಕಾಯೋಕೆ ನಂಗೇ ಬರಲ್ಲ.

ಅಳ್ತಿಲ್ಲ. ಹೊಗೆ ಅಂದ್ನಲ್ಲ.

ಹೋಗ್ಲಿ, ಅವತ್ತು ನೀನು ಏನು ಹೇಳಿದ್ದೆ? ಆ ಪ್ರಬಂಧಕ್ಕೆ, ಅವಳು ಬರೀದೇ ಬಿಟ್ಟಿದ್ದು. ... ಈಗ ಹೇಳು. ಬಾಯಿ ಹಾಕಲ್ಲ, ನೀನಂದಿದ್ದನ್ನಷ್ಟೇ ಅಂತೀನಿ. ಬೇಕಾದ್ರೆ ಸೆರಗು ಕಚ್ಕೊಂಡು ಕೂರ್ತೀನಿ.

ಟ್ರಾಫಿಕ್... ಜಾಮ್... ಅಂದ್ರೆ... ನಂಗೆ... ತುಂಬ ಕಷ್... ಇಲ್ಲ ಇಲ್ಲ. ಕಚ್ಕೊಂಡೆ. ನೀನೇ ಹೇಳು. ... ಇಷ್ಟ. ... ಇಷ್ಟನಾ? ಸರಿ, ಸರಿ. ... ಯಾಕಂದ್ರೆ... ಆವಾಗ... ಎಲ್ಲರೂ...

ಸಿಗ್ನಲ್ ಬಿಡ್ತು. ಬೇಡ ಕೈಲಾಸ್, ಹೊರಡಬೇಡಿ. ಬೇಡ ಅಂದ್ನಲ್ಲ. ಹೊಡೀಲಿ ಬಿಡಿ ಹಾರ್ನು, ಎಷ್ಟು ಬೇಕೋ ಅಷ್ಟು ಹೊಡೀಲಿ. ಏನ್ರೀ ಸ್ಕೂಟರಿನವ್ರೇ, ಕೂಗ್ಬೇಡಿ, ನನ್ನ ಮಗಳು ಮಾತಾಡ್ತಿದಾಳೆ... ಹೂಂ ಪುಟ್ಟಿ. ಎಲ್ಲರೂ...

...

ನನ್ನ... ಸ್ಪೀಡಿಗೆ... ಬರ್ತಾರೆ.

...

ಮೈತ್ರಿ ಇನಿಶಿಯಲ್ ಏನೇ? ಕಲ್ಯಾಣಿ ಮೇಡಂಗೆ ಈಗಲೇ ಹೆಸರು ಹೇಳ್ಬಿಡ್ತೀನಿ... ಏನು? ನಿಂದಿನ್ನೂ ಮುಗಿದಿಲ್ವಾ?

ಸರಿ. ಹೇಳು.