ಕೊಟ್ಟ ಇಲಿ

ಇಲಿ ಬದುಕ್ತದಾ ಅಂತ ಎಂತಕ್ಕೆ ಕೇಳೂದು, ಹೊನ್ನಕ್ಕ? ಬಾಳೆಗುಳಿಯಿಂದ ಬಸ್ಸು ಹತ್ತಿ, ಈ ಬಿಸಿಲಲ್ಲಿ ಅರ್ಗಾಕ್ಕೆ ಬಂದು, ಚಾ ಸೈತ ಮುಟ್ಟದೆ... ಮೊದ್ಲ ಮಾತೇ ಇಲಿದಾ? ಯಾರು ಕಳ್ಸಿದ್ದು ನಿನ್ನ? ನಮ್ಮ ಲ್ಯಾಬಿನ ನಿತೇಶನಾ? ಅವ ಫೋನ್ ಮಾಡಿದ್ನಾ? ಇಲ್ಲ? ತಲೆ ಅಲ್ಲಾಡಿಸೂದು ಸಾಕು, ಬಾಯಿ ಬಿಟ್ಟು ಹೇಳು!

ಹೇಳೂದಿಲ್ಲ. ಆಯ್ತು, ಕೇಳು. ಆರು ವರ್ಷದಿಂದ ಆ ಇಲಿಗಳ ಚಾಕರಿ ನಂದೇ. ಪಂಜರಕ್ಕೆ ಭತ್ತದ ಹೊಟ್ಟು ಹಾಸೂದು, ನೀರು ಇಡೂದು, ಎಲ್ಲಾ ನಾನೇ. ಲ್ಯಾಬಿನ ಡಾಕ್ಟರಮ್ಮ ಒಂದು ಇಲಿಗೆ ಮಂಪರು ಮದ್ದು ಕೊಟ್ಟು ಲಿವರ್ ತೆಗೀತಾರೆ. ಅದ್ರದ್ದು ಒಂದು ತುಂಡು ಮಾತ್ರ ಇನ್ನೊಂದು ಇಲಿ ಹೊಟ್ಟೆಗೆ ಕೂರಿಸೂದು. ರಕ್ತನಾಳ ಅಂದ್ರೆ ಎಷ್ಟು ದಪ್ಪ ಗೊತ್ತಿದ್ಯಾ? ಶ್ಯಾವಿಗೆ ಎಳೆ! ಅದಕ್ಕೊಂದು ಚೂರು ನಳಿಗೆ ತೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಕಟ್ಟಬೇಕು. ಇಪ್ಪತ್ತು ನಿಮಿಷ ದಾಟ್ತೋ, ಮುಗೀತು. ತಗಂಡ ಇಲಿ ನಾಕು ದಿನಕ್ಕೆ ಕಾಳು ತಿಂತದೆ. ಕೊಟ್ಟ ಇಲಿ? ಏಳೂದೇ ಇಲ್ಲ ಅಕ್ಕ. ಚೀಲಕ್ಕೆ ಹಾಕಿ ಕಟ್ಟೂದು ನಾನೇ...

ಎಂತಕ್ಕೆ ಸೆರಗು ಬಾಯಿಗೆ ಒತ್ಕಂಡೆ? ಅಳ್ತ್ಯಾ, ನಗ್ತ್ಯಾ? ನಿನ್ನ ತಮ್ಮ ಈ ಸುಬ್ಬ ಹೆದರಿದ ಅಂತ ಅಲ್ದಾ ನಿನ್ನ ಮನ್ಸಲ್ಲಿ? ಹೆದ್ರಿದವ ಮಂಗಳೂರಿನ ಆಸ್ಪತ್ರೆ ತನಕ ಬತ್ತಿದ್ನಾ? ನಿನ್ನ ರಕ್ತ ಮಗಳು ಕುಸುಮಾಗೆ ಹೊಂದ್ಲಿಲ್ಲ, ಬಾವಂದು ಹೊಂದ್ಲಿಲ್ಲ. ಐದು ವರ್ಷದ ಕೂಸು, ಲಿವರ್ ಕೆಟ್ಟು ಕಣ್ಣೆಲ್ಲ ಅರಿಶಿನ ಆಗಿ... ನನ್ನ ಲಿವರ್ ತುಂಡು ಕೊಡ್ತೆ ಅಂತ ಮೊದ್ಲು ಹೇಳಿದ್ದು ಯಾರು? ಮೂರು ದಿನ ಸೂಜಿ ಚುಚ್ಚಿಸ್ಕಂಡೆ. ಹೊಂದ್ಲಿಲ್ಲ ಅಂದ್ರು. ನಾ ಎಂತ ಮಾಡ್ಲಿ?

ಹಂಗೆ ನೋಡ್ಬೇಡ. ಮಂಗಳೂರಿನ ಡಾಕ್ಟ್ರು ನಿನ್ನ ಹತ್ರ ಬೇರೆ ಎಂತಾದ್ರೂ ಹೇಳಿದ್ರಾ? ಹೇಳಿದ್ರು ಅಲ್ದಾ? ಯಾರ ಹತ್ರನೂ ಬಾಯಿ ಬಿಡೂದಿಲ್ಲ ಅಂತ ನಂಗೆ ಮಾತು ಕೊಟ್ಟಿದ್ರು!

...ಹುಬ್ಬು ಎಂತಕ್ಕೆ ಏರಿಸ್ತೆ? ಎಲ್ಲಾ ಗೊತ್ತಿದ್ದೇ ಬಂದಿದ್ದೆ ನೀನು. ನನ್ನ ಬಾಯಿಂದ ಬರ್ಲಿ ಅಂತ ಕೂತಿದ್ದೆ. ಸರಿ. ಹೊಂದಿತ್ತು. ರಕ್ತ ಹೊಂದಿತ್ತು, ಎಲ್ಲಾ ಹೊಂದಿತ್ತು. ಸಹಿಗೆ ಕಾಗದ ಮುಂದಿಟ್ರು, ಪೆನ್ನು ಕೆಳಗಿಟ್ಟೆ. 'ಹೊಂದ್ಲಿಲ್ಲ ಅಂತ್ಲೇ ಹೇಳಿ' ಅಂತ ಡಾಕ್ಟ್ರಿಗೆ ಕೈ ಮುಗ್ದೆ. ಇಲಿ ವಿಷ್ಯನೂ ಅರ್ಧ ಹೇಳ್ದೆ ನಿಂಗೆ. ಕೊಟ್ಟ ಇಲಿ ಏಳೂದಿಲ್ಲ, ಹೌದು. ಅದ್ರ ಪೂರ್ತಿ ಲಿವರ್ ತೆಗೀತಾರೆ, ಅದಕ್ಕೆ. ಮನ್ಷರಿಗೆ ಹಂಗೆ ಮಾಡೂದಿಲ್ಲ, ತುಂಡೇ ತೆಗೆಯೂದು. ಬೇರೆ ಪಂಜರದಲ್ಲಿ ಮೂರಕ್ಕೆ ಎರಡು ಪಾಲು ಕೊಯ್ದ ಇಲಿಗಳಿದಾವೆ. ಎಂಟು ಹತ್ತು ದಿನಕ್ಕೆ ಮತ್ತೆ ಬೆಳೀತದೆ ಅಕ್ಕ! ಓಡಾಡ್ತಾವೆ, ನನ್ನ ಬೆರಳು ಕಚ್ತಾವೆ. ಕಣ್ಣಾರೆ ಕಂಡವ ನಾನು. ಕಂಡೂ ಹೆದರ್ದೆ...

ಎಂತ? ಫೋನು ಎಂತಕ್ಕೆ ನನ್ನ ಕಿವಿಗೆ ಹಿಡೀತೆ? ಯಾರ್ದು ದನಿ ಇದು, ರೆಕಾರ್ಡ್ ಮಾಡಿ ತಂದದ್ದಾ... ಕುಸುಮಾಂದು. 'ಸುಬ್ಬಮಾವಾ, ನಿನ್ನ ಇಲಿಗಳು ಬದುಕಿದಾವಾ? ನಂಗೆ ತೋರಿಸ್ತ್ಯಾ?'

ಅಷ್ಟೇನಾ? ಕೂಸು ಕೇಳಿದ್ದನ್ನ ಕೇಳೂಕೆ ಬಂದಿದ್ಯಾ? ಡಾಕ್ಟ್ರು ಹೇಳಿರ್ಲಿಲ್ಲ? ನಿತೇಶನೂ ಅಲ್ಲ? ನಿಂಗೆ ಎಂತದೂ ಗೊತ್ತಿರ್ಲಿಲ್ಲ?

ಅಕ್ಕ... ಬೈ. ಎರಡು ಬಾರಿಸು. ಎಲ್ಲಿಗೆ ಎದ್ದೆ? ತಡಿ, ತಡಿ ಮಾರಾಯ್ತಿ! ಡಾಕ್ಟ್ರ ನಂಬರ್ ಇದ್ಯಲ್ಲ ನಿನ್ನ ಫೋನಲ್ಲಿ? ಹಚ್ಚು. ಹಚ್ಚಿ ನನ್ನ ಕೈಗೆ ಕೊಡು.

ಸಹಿ ಹಾಕ್ತೆ ಅಂತ ನಾನೇ ಹೇಳ್ತೆ.